ಹಿತಕಿದ ಅವರೆಯ ಪಾಠ

ನನ್ನ ನಾದಿನಿ ಶಾಲೆಗೆ ಹೋಗುತ್ತಿದ್ದುದು ಹಿತ್ತಿಲ ಬಾಗಿಲಿನಿಂದ. ಮುಂಬಾಗಿಲು ತೆಗೆದರೆ ಬೀದಿ, ಬೀದಿಯ ಕೊನೆಗೇ ಶಾಲೆ. ಅದರ ಹೆಂಚಿನ ಮಾಡು ನಮ್ಮ ಜಗುಲಿಯಿಂದಲೇ ಕಾಣುತ್ತಿತ್ತು. ಆದರೂ ಅವಳು ಒಗೆಯುವ ಕಲ್ಲು ದಾಟಿ, ನುಗ್ಗೆಮರದ ಕೆಳಗಿನ ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ, ಹಿಂದಿನ ಗಲ್ಲಿಯ ಮುಳ್ಳುಬೇಲಿಗೆ ಸೆರಗು ಸಿಕ್ಕದಂತೆ ಹಿಡಿದುಕೊಂಡು ಸುತ್ತು ಹಾಕಿ ಹೋಗುತ್ತಿದ್ದಳು. ಹಾಗೆ ಹೋಗು ಎಂದು ಯಾರೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಬೆಳಿಗ್ಗೆ ನಮ್ಮತ್ತೆ ಹಿತ್ತಿಲ ಬಾಗಿಲ ಅಗುಳಿ ತೆಗೆದು ಪಕ್ಕಕ್ಕೆ ಸರಿದು ನಿಂತರು. ಅಷ್ಟೇ. ಅದೇ ರೂಢಿಯಾಯಿತು.

ಆಣೆ ಹೋಗಿ ನಯಾಪೈಸೆ ಬಂದ ಹೊಸತು ಅದು. ನಾದಿನಿ ಗಂಡನ ಮನೆ ಬಿಟ್ಟು ತೌರಿಗೆ ಬಂದು ಎರಡು ವರ್ಷವಾಗಿತ್ತು. ಯಾಕೆ ಬಂದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ನಾನು ಅವಳ ಹಿಂದಿನಿಂದ ಒಂದು ಪಾತ್ರೆ ಎತ್ತಿಕೊಂಡರೂ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದಳು. ಅದನ್ನು ಕಂಡಮೇಲೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಅತ್ತೆ ನೆರೆಯವರಿಗೆ, ನಾಲ್ಕು ದಿವಸ ಇದ್ದು ಹೋಗುವುದಕ್ಕೆ ಬಂದಿದ್ದಾಳೆ ಎಂದು ಹೇಳಿದ್ದರು. ನಾಲ್ಕು ದಿವಸ ಮುಗಿಯದೆ ಹೋದಾಗ ನೆರೆಯವರೊಡನೆ ಮಾತನ್ನೇ ಕಡಿಮೆ ಮಾಡಿದರು. ಜಗುಲಿಯ ಮೇಲೆ ಎಲೆಅಡಿಕೆ ತಟ್ಟೆ ಇಟ್ಟುಕೊಂಡು, ಸೊಪ್ಪಿನವಳಿಂದ ಹಿಡಿದು ಪೋಸ್ಟಿನವನವರೆಗೆ ಎಲ್ಲರ ಕ್ಷೇಮ ಕೇಳುತ್ತಿದ್ದ ಹೆಂಗಸು, ಬೀದಿ ನಲ್ಲಿಗೆ ಬೇರೆಯವರು ಬರುವ ಮೊದಲೇ ಹೋಗಿ ನೀರು ಹಿಡಿದು ತರುವಂತಾದರು. ಮಗಳ ಮೇಲೆ ಕೋಪವೆಂದಲ್ಲ. ಅವಳ ತಟ್ಟೆಗೆ ತುಪ್ಪ ಒಂದು ಹನಿ ಹೆಚ್ಚೇ ಬೀಳುತ್ತಿತ್ತು. ಆದರೆ ಅವಳ ಶಾಲೆಯ ಮಾತನ್ನು ಮನೆಯೊಳಗೂ ಎತ್ತುತ್ತಿರಲಿಲ್ಲ, ಹೊರಗಂತೂ ಇಲ್ಲವೇ ಇಲ್ಲ.

ಕೆಲಸವೂ ಹಂಗಾಮಿ. ಇನ್ಸ್‌ಪೆಕ್ಟರು ಬಂದು ಪಾಠ ನೋಡಿ ಒಳ್ಳೆಯ ಮಾತು ಬರೆದರೆ ಖಾಯಂ, ಇಲ್ಲವಾದರೆ ಬೇಸಿಗೆ ರಜಕ್ಕೆ ಬಿಡುಗಡೆ. ಅತ್ತ ಅವಳ ಗಂಡನ ಕಡೆಯ ಹಿರಿಯರೊಬ್ಬರು ಬಂದು ಕೂತು, ಆದದ್ದಾಯಿತು, ಬೇಸಿಗೆಯಲ್ಲಿ ಹುಡುಗಿಯನ್ನು ಕಳಿಸಿಕೊಡಿ ಎಂದು ಹೇಳಿ ಕಾಫಿ ಕುಡಿದು ಹೋಗಿದ್ದರು. ನಮ್ಮ ಯಜಮಾನರಿಗೆ ತಂಗಿ ಎಂದರೆ ಪ್ರಾಣ, ಆದರೆ ಯಾವುದನ್ನೂ ಗಟ್ಟಿಯಾಗಿ ಹೇಳುವ ಜಾಯಮಾನ ಅವರದಲ್ಲ. ಕೆಲಸ ಖಾಯಂ ಆದರೆ ಕಳಿಸುವ ಮಾತೇ ಇಲ್ಲ, ಆಗದಿದ್ದರೆ ಕೂತು ಯೋಚನೆ ಮಾಡೋಣ ಎಂದರು. ಯೋಚನೆ ಮಾಡೋಣ ಎಂದರೆ ಏನರ್ಥವೆಂದು ನಾದಿನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷ ಚಿಕ್ಕ ತರಗತಿಗಳಿಗೂ ಸಾಮಾನ್ಯ ವಿಜ್ಞಾನ ಎಂಬ ಹೊಸ ಪಾಠ ಬಂದಿತ್ತು. ಅದುವರೆಗೆ ಪ್ರಕೃತಿ ಪಾಠವೆಂದು ವಾರಕ್ಕೊಮ್ಮೆ ಮಕ್ಕಳನ್ನು ಮರದ ಕೆಳಗೆ ಕೂರಿಸಿ ಎಲೆ, ಹಕ್ಕಿ ತೋರಿಸಿದರೆ ಮುಗಿಯುತ್ತಿತ್ತು. ಈಗ ಪ್ರತಿ ಪಾಠಕ್ಕೂ ಮೊದಲೇ ಟಿಪ್ಪಣಿ ಬರೆಯಬೇಕು. ಉದ್ದೇಶ, ಉಪಕರಣ, ಪೀಠಿಕೆ, ನಿರೂಪಣೆ, ಪುನರಾವರ್ತನೆ ಎಂದು ಭಾಗ ಮಾಡಿ, ಮಾಡುವ ಪ್ರಶ್ನೆಯನ್ನೂ ಮಕ್ಕಳಿಂದ ಬರಬೇಕಾದ ಉತ್ತರವನ್ನೂ ಎದುರುಬದುರು ಬರೆದಿರಬೇಕು. ಕನ್ನಡ, ಲೆಕ್ಕ ನಾದಿನಿಗೆ ನೀರು ಕುಡಿದ ಹಾಗೆ. ವಿಜ್ಞಾನದ ಟಿಪ್ಪಣಿ ಮಾತ್ರ ಮೊದಲ ಸಾಲಿಗೇ ನಿಂತುಬಿಡುತ್ತಿತ್ತು. ಒಂದು ಭಾನುವಾರ ಕಾಗದಗಳನ್ನು ನನ್ನ ಮುಂದಿಟ್ಟು, "ನೀವು ಕಾನ್ವೆಂಟಲ್ಲಿ ಓದಿದೋರು ಅತ್ತಿಗೆ, ದಾರಿ ತೋರಿಸಿ" ಎಂದಳು.

ಕಾನ್ವೆಂಟಿನಲ್ಲಿ ಓದಿದ್ದು ನಿಜ. ನಮ್ಮ ತಂದೆ ರೈಲ್ವೆ ಕಚೇರಿಯಲ್ಲಿದ್ದರು, ಯಾದವಗಿರಿಯ ಕಡೆ ಮನೆ. ಹೆಣ್ಣುಮಗು ನಾಲ್ಕು ಅಕ್ಷರ ಇಂಗ್ಲಿಷು ಕಲಿಯಲಿ ಎಂದು ಸೇರಿಸಿದ್ದರು. ಅಲ್ಲಿಯ ವಿಜ್ಞಾನವೆಂದರೆ ನನಗೆ ನೆನಪಿರುವುದು ಒಂದು ಗಾಜಿನ ಲೋಟ. ಒಳಗೆ ಸುತ್ತಲೂ ಗುಲಾಬಿ ಬಣ್ಣದ ಬ್ಲಾಟಿಂಗ್ ಪೇಪರು, ಪೇಪರಿಗೂ ಗಾಜಿಗೂ ನಡುವೆ ಒಂದು ಹುರುಳಿಕಾಯಿ ಬೀಜ. ಅದನ್ನು ಕಿಟಕಿಯ ಎತ್ತರದ ಹಲಗೆಯ ಮೇಲೆ ಇಟ್ಟಿರುತ್ತಿದ್ದರು. ನಾವು ಕೈ ಹಿಂದೆ ಕಟ್ಟಿಕೊಂಡು ಸಾಲಾಗಿ ಹೋಗಿ, ಹಿಮ್ಮಡಿ ಎತ್ತಿ ನೋಡಿ, ಸಾಲಾಗಿ ವಾಪಸು ಬರಬೇಕು. ಪಾಠ ಮಾಡುತ್ತಿದ್ದ ಸಿಸ್ಟರ್ ಬಹಳ ಒಳ್ಳೆಯವರು. ಗಂಜಿ ಹಾಕಿದ ಅವರ ನಿಲುವಂಗಿಯ ತೋಳು ಸರಸರ ಎನ್ನುತ್ತಿತ್ತು, ಮೊಳಕೆ ಬಂದ ದಿನ ಬೀಜಕ್ಕೂ ಸೇರಿಸಿ ಪ್ರಾರ್ಥನೆ ಮಾಡಿಸಿದ್ದರು. ಆದರೆ ಮುಟ್ಟುವಂತಿರಲಿಲ್ಲ. ಆ ಬಿಳಿಯ ಬೇರು ಮುಟ್ಟಿದರೆ ತಣ್ಣಗಿರುತ್ತದೋ ಬೆಚ್ಚಗಿರುತ್ತದೋ ಎಂಬುದು ನನಗೆ ಕೊನೆಗೂ ಗೊತ್ತಾಗಲಿಲ್ಲ.

ಇದನ್ನು ಹೇಳಿದಾಗ ನಾದಿನಿ, "ಹಾಗಾದ್ರೆ ನಮ್ಮ ಮಕ್ಕಳು ಮುಟ್ಲಿ" ಎಂದಳು. ನಾವು ಹಾಕಿಕೊಂಡ ನೇಮ ಅದೊಂದೇ.

ಹಾಗೆ ಶುರುವಾಯಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಊಟ ಮಾಡಿ, ಅತ್ತೆ ಒಂದು ಕೋಳಿನಿದ್ದೆ ತೆಗೆಯುವ ಹೊತ್ತಿಗೆ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ಕೂರುತ್ತಿದ್ದಳು. ಪಾಠಕ್ಕೆ ಬೇಕಾದದ್ದನ್ನು ಮನೆಯ ಒಳಗೇ ಹುಡುಕುತ್ತಿದ್ದೆವು. ಶಾಲೆಯಲ್ಲಿ ಉಪಕರಣ ಎನ್ನುವುದಕ್ಕೆ ಇದ್ದದ್ದು ಒಂದು ಬಿರುಕು ಬಿಟ್ಟ ಭೂಗೋಳ, ಒಂದು ಡಸ್ಟರು.

ನೀರು ಆವಿಯಾಗುವುದನ್ನು ಹೇಗೆ ತೋರಿಸುವುದು ಎಂದು ತಲೆ ಕೆಡಿಸಿಕೊಂಡಾಗ ನನಗೆ ಹೊಳೆದದ್ದು ಸ್ಲೇಟು. ಮಕ್ಕಳು ಒರೆಸಿದ ಸ್ಲೇಟನ್ನು ಗಾಳಿಯಲ್ಲಿ ಬೀಸಿ ಆರಿಸುತ್ತಾರಲ್ಲ, ಅದೇ ಪಾಠವಾಗಲಿ ಎಂದೆ. ಅರ್ಧ ತರಗತಿ ಬಿಸಿಲಿನಲ್ಲಿ, ಅರ್ಧ ನೆರಳಿನಲ್ಲಿ ಹಿಡಿಯಲಿ. ಯಾವುದು ಬೇಗ ಆರಿತು, ನೀರು ಎಲ್ಲಿಗೆ ಹೋಯಿತು. ಟಿಪ್ಪಣಿಯಲ್ಲಿ ಉತ್ತರದ ಜಾಗಕ್ಕೆ "ಗಾಳಿಯಲ್ಲಿ ಸೇರಿತು" ಎಂದು ಬರೆದುಕೊಂಡು ಹೋದಳು. ಸಂಜೆ ಬಂದು ಮಕ್ಕಳ ಉತ್ತರಗಳನ್ನು ಮಾಡಿ ತೋರಿಸಿದಳು. ಒಂದು ಮಗು, ಸ್ಲೇಟೇ ಕುಡಿಯಿತು ಎಂದಿತಂತೆ. ಇನ್ನೊಂದು ಕಾಗೆ ಕುಡಿಯಿತು ಎಂದಿತಂತೆ. ಮೂರನೆಯವನು ಪಕ್ಕದವನನ್ನು ತೋರಿಸಿ, "ನನ್ ಸ್ಲೇಟಿನ ನೀರ ಇವ್ನು ಊದಿ ಕದ್ದುಬುಟ್ಟ ಟೀಚರ್" ಎಂದು ಅತ್ತೇ ಬಿಟ್ಟನಂತೆ. ಹೇಳುತ್ತಾ ಹೇಳುತ್ತಾ ಅವಳು ನಕ್ಕಳು. ಅವಳ ಬಲಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ನನಗೆ ತಿಳಿದದ್ದು ಅವತ್ತು.

ಗಾಳಿಯ ಪಾಠಕ್ಕೆ ಮೊದಲು ಮನೆಯಲ್ಲಿ ಮಾಡಿ ನೋಡಿದೆವು. ಲೋಟದ ತಳಕ್ಕೆ ಕರವಸ್ತ್ರ ತುರುಕಿ, ಬೋರಲು ಹಾಕಿ ನೀರಿನಲ್ಲಿ ಅದುಮುವುದು. ಮೊದಲ ಸಲ ಲೋಟ ಓರೆಯಾಗಿ ಬಟ್ಟೆ ತೊಪ್ಪೆಯಾಯಿತು. ಆಮೇಲೆ ಬೇರೆ ಬಟ್ಟೆ ತುರುಕಿ ನೇರ ಅದುಮಿದಾಗ ಅದು ಒಣಗಿದ್ದ ಹಾಗೆಯೇ ಹೊರಗೆ ಬಂತು, ಇಬ್ಬರೂ ಮಕ್ಕಳ ಹಾಗೆ ಕುಣಿದೆವು. ಅತ್ತೆ ಮಗ್ಗುಲು ಬದಲಿಸಿ ಗೋಡೆಯ ಕಡೆ ತಿರುಗಿಕೊಂಡೇ, ನೀರಿನಲ್ಲಿ ಮುಳುಗಿಸಿದ ಬಟ್ಟೆ ಒದ್ದೆಯಾಗಲಿಲ್ಲವೆಂದು ಕುಣಿಯುವವರನ್ನು ತಾನು ಈ ವಯಸ್ಸಿನಲ್ಲಿ ನೋಡಬೇಕಾಯಿತು ಎಂದರು. ನಿದ್ದೆಯಲ್ಲಿದ್ದಾರೆಂದು ನಾವು ಅಂದುಕೊಂಡಿದ್ದೆವು. ಅವರು ಎಷ್ಟು ಶನಿವಾರಗಳಿಂದ ಎಚ್ಚರವಾಗಿಯೇ ಮಲಗಿರುತ್ತಿದ್ದರೋ ದೇವರಿಗೇ ಗೊತ್ತು.

ಸಂಕ್ರಾಂತಿ ಹತ್ತಿರವಾಯಿತು. ಬೆಳಿಗ್ಗೆ ಎದ್ದರೆ ಬೆಟ್ಟವೇ ಕಾಣದಷ್ಟು ಮಂಜು. ಒಂದು ದಿನ ಹೆಡ್‌ಮಿಸ್ಟ್ರೆಸ್ಸು, ಇನ್ನು ಹದಿನೈದು ದಿನಕ್ಕೆ, ಶುಕ್ರವಾರ, ಇನ್ಸ್‌ಪೆಕ್ಟರು ಬರುತ್ತಾರೆ, ನಿಮ್ಮ ತರಗತಿಯಲ್ಲಿ ವಿಜ್ಞಾನದ ಪಾಠವನ್ನೇ ನೋಡುತ್ತಾರಂತೆ, ಬೀಜ ಮೊಳೆಯುವುದನ್ನು ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದರು. ನಾದಿನಿ ಅವತ್ತು ಅನ್ನದ ಮುಂದೆ ಕೂತು ಎದ್ದಳು, ಅಷ್ಟೇ.

ಆ ಒಂದು ಪಾಠಕ್ಕೆ ನಾವು ಮಾಡಿಕೊಂಡ ತಯಾರಿಯನ್ನು ಮದುವೆಮನೆಗೂ ಮಾಡಿರಲಿಲ್ಲ. ಅತ್ತೆ ಅವರ ಹಳ್ಳಿಯಿಂದ ತಂದು ಬೂದಿಯಲ್ಲಿ ಕಲಸಿಟ್ಟಿದ್ದ ಬಿತ್ತನೆಯ ಅವರೆಯನ್ನು ಕೇಳಿ ತೆಗೆದುಕೊಂಡು, ತೆಂಗಿನ ಕರಟಗಳಲ್ಲಿ ಮಣ್ಣು ತುಂಬಿ, ಬೇರೆ ಬೇರೆ ದಿನ ಬಿತ್ತಿದೆವು. ಪಾಠದ ದಿನಕ್ಕೆ ಒಂದರಲ್ಲಿ ಬೇರು, ಒಂದರಲ್ಲಿ ಕೊಕ್ಕೆಯಂತೆ ಬಾಗಿದ ಮೊಳಕೆ, ಒಂದರಲ್ಲಿ ಎರಡು ಎಲೆ ಇರಬೇಕು ಎಂಬ ಲೆಕ್ಕ. ಅದು ನೋಡುವುದಕ್ಕಾಯಿತು. ಮುಟ್ಟುವುದಕ್ಕೆ ಪ್ರತಿ ಮಗುವಿನ ಕೈಗೂ ಒಂದೊಂದು ನೆನೆದ ಕಾಳು. ಮೊದಲು ಸಿಪ್ಪೆಯನ್ನು ಸವರಿ ನೋಡಬೇಕು. ಆಮೇಲೆ ಉಗುರಿನಿಂದ ಮೆಲ್ಲಗೆ ಬಿಡಿಸಬೇಕು. ಆಮೇಲೆ ಎರಡು ಹೋಳು, ಹೋಳುಗಳ ನಡುವೆ ಮಲಗಿರುವ ಪುಟ್ಟ ಮೊಳಕೆ. ಈ ಕ್ರಮ ತಪ್ಪಬಾರದು ಎಂದು ಅವಳು ಟಿಪ್ಪಣಿಯಲ್ಲಿ ಕೆಳಗೆ ಗೆರೆ ಎಳೆದಳು. ಮಳೆಯ ಮೇಲೊಂದು ಪದ್ಯ ಹೇಳಿಸಿ ಪೀಠಿಕೆ ಮಾಡುವುದು ಅವಳ ಆಸೆ. ಸುಮ್ಮನೆ ಕಾಳು ತೋರಿಸಿ ಇದೇನು ಎಂದು ಕೇಳು ಎಂಬುದು ನನ್ನ ವಾದ. ಕೊನೆಗೆ ಎರಡನ್ನೂ ಬರೆದುಕೊಂಡಳು.

ಗುರುವಾರ ಸಂಜೆ ಮಾರುಕಟ್ಟೆಯಿಂದ ಸೊಗಡಿನ ಅವರೆಕಾಯಿ ತಂದೆ. ನಾದಿನಿ ಒಂದೊಂದನ್ನೂ ಸುಲಿದು, ಹುಳ ಹಿಡಿದದ್ದು, ಎಳಸು ಎಲ್ಲ ತೆಗೆದು, ಬಲಿತ ಕಾಳುಗಳನ್ನು ಮಾತ್ರ ಆರಿಸಿ ಹಿತ್ತಾಳೆ ಬೋಗುಣಿಯಲ್ಲಿ ನೆನೆಹಾಕಿದಳು. ತಟ್ಟೆ ಮುಚ್ಚಿ ಅಡುಗೆಮನೆಯ ಮೂಲೆಗಿಟ್ಟಳು. ಇಟ್ಟಮೇಲೂ ಒಂದು ಸಲ ತಟ್ಟೆ ಸರಿಸಿ ನೋಡಿದಳು.

ಮೈಸೂರಿನಲ್ಲಿ ಅವರೆಕಾಯಿ ಕಾಲ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರಾತ್ರಿ ಮನೆಮನೆಯಲ್ಲೂ ಕಾಳು ನೆನೆಯುತ್ತದೆ. ಬೆಳಿಗ್ಗೆ ಹೆಂಗಸರು ಬೋಗುಣಿಯ ಮುಂದೆ ಕೂತರೆ ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಅದುಮುವುದು, ಬೇಳೆ ಪುಳಕ್ಕನೆ ಪಾತ್ರೆಗೆ ಹಾರುವುದು, ಸಿಪ್ಪೆ ಪಕ್ಕಕ್ಕೆ. ಮಾತು ಬೇಕಾದರೆ ನಿಲ್ಲುತ್ತದೆ, ಬೆರಳು ನಿಲ್ಲುವುದಿಲ್ಲ. ನೆನೆದ ಅವರೆ ಕಣ್ಣಿಗೆ ಬಿದ್ದಮೇಲೆ ಹಿತಕದೆ ಎದ್ದು ಹೋಗುವುದು ನಮ್ಮ ಕಡೆಯ ಹೆಂಗಸಿನ ಕೈಲಾಗದ ಮಾತು. ಇಷ್ಟು ಗೊತ್ತಿದ್ದೂ, ಆ ಬೋಗುಣಿಯನ್ನು ಅಡುಗೆಮನೆಯಲ್ಲಿ ಇಡಬಾರದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅದು ಉಪಕರಣವೆಂದು ಟಿಪ್ಪಣಿಯಲ್ಲಿ ಬರೆದಿದ್ದೆವಲ್ಲ, ಹಾಗಾಗಿ ನಮ್ಮ ಕಣ್ಣಿಗೆ ಅದು ಅವರೆಕಾಳಾಗಿ ಉಳಿದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಟ್ಟು ಒಳಗೆ ಬಂದೆ. ಅತ್ತೆ ಕಾಲು ನೀಡಿಕೊಂಡು ಕೂತಿದ್ದರು. ತೊಡೆಯ ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ, ಪಾತ್ರೆಯ ತುಂಬ ಹಸಿರು ಬೇಳೆ. ಬೋಗುಣಿಯ ತಳದಲ್ಲಿ ಉಳಿದಿದ್ದ ಕೊನೆಯ ಕಾಳೂ ನನ್ನ ಕಣ್ಣ ಮುಂದೆಯೇ ಪುಳಕ್ಕೆಂದಿತು. ನನ್ನ ಮುಖ ನೋಡಿ ಅವರು ತಪ್ಪು ತಿಳಿದರು. ನಾನು ಮಾಡಬೇಕಾದ ಕೆಲಸವನ್ನು ತಾವು ಮಾಡಿಬಿಟ್ಟದ್ದಕ್ಕೆ ಸಂಕೋಚವೆಂದುಕೊಂಡು, "ಇರ್ಲಿ ಬುಡವ್ವ" ಎಂದರು. "ಕೂಸು ಇವತ್ತು ದೊಡ್ಡೋರ ಮುಂದೆ ನಿಂತು ಪಾಠ ಏಳ್ಬೇಕಂತಲ್ಲ. ಬಂದು ಬಿಸಿ ಮುದ್ದೆ, ಇತುಕಿದ ಬೇಳೆ ಸಾರು ಉಣ್ಲಿ ಅಂತ ನಾನೇ ಕೂತ್ಕಂಡೆ. ಎಂಥಾ ಕಾಳು ಆರಿಸಿದ್ದೀಯೆ, ಒಂದೂ ಉಳ ಇಲ್ಲ."

ನಾನು ಬಾಯಿ ತೆರೆಯುವ ಮೊದಲು ನಾದಿನಿ ತಲೆಗೂದಲಿಗೆ ಟವಲು ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಬೋಗುಣಿ ನೋಡಿದಳು, ಪಾತ್ರೆ ನೋಡಿದಳು. ಅಮ್ಮನನ್ನು ಒಂದು ಮಾತೂ ಅನ್ನಲಿಲ್ಲ. ಅಲ್ಲೇ ಇದ್ದ ಮಣೆಯ ಮೇಲೆ ಕೂತು, "ಹೋಗ್ಲಿ ಬಿಡಿ ಅತ್ತಿಗೆ, ನಾನು ಏನು ಹಿಡಿದರೂ ಇಷ್ಟೇ" ಎಂದಳು. ಬೇಸಿಗೆಯಲ್ಲಿ ಆ ಮನೆಗೆ ಹೋಗುವುದಕ್ಕೆ ಆಗಲೇ ಗಂಟು ಕಟ್ಟುತ್ತಿದ್ದವಳ ಧ್ವನಿ ಅದು.

ಅತ್ತೆ ನನ್ನ ಕಡೆ ತಿರುಗಿದರು. ಆ ಕಾಳು ಸಾರಿಗಲ್ಲ, ಪಾಠಕ್ಕೆ, ಪ್ರತಿ ಮಗುವಿಗೂ ಒಂದೊಂದು, ಸಿಪ್ಪೆಯ ಸಮೇತ ಬೇಕಾಗಿತ್ತು ಎಂದು ನಾನು ಆದಷ್ಟು ಮೆಲ್ಲಗೆ ಹೇಳಿದೆ. ಮಾರುಕಟ್ಟೆಗೆ ಹೋಗಿ ಬಂದು ಸುಲಿದು ನೆನೆಹಾಕುವುದಕ್ಕೆ ಹೊತ್ತಿಲ್ಲ ಎಂದೂ ಹೇಳಿದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಸೊಗಡಿನ ಎಣ್ಣೆ ಹತ್ತಿ ಬೆರಳ ತುದಿ ಹಸಿರುಗಪ್ಪಾಗಿತ್ತು. ಸೆರಗಿನಲ್ಲಿ ಒರೆಸಿಕೊಂಡು ಎದ್ದರು. ಖಾಲಿ ಬೋಗುಣಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡುಮನೆ ದಾಟಿ ಮುಂಬಾಗಿಲು ತೆಗೆದು ಬೀದಿಗೆ ಇಳಿದರು.

ಎದುರು ಮನೆಯ ಬಾಗಿಲು ತಟ್ಟಿದ್ದು ಕೇಳಿಸಿತು. ಎರಡು ವರ್ಷದಿಂದ ಬೀದಿಯಲ್ಲಿ ಕೇಳದಿದ್ದ ಆ ದೊಡ್ಡ ಗಂಟಲು ಮಂಜಿನೊಳಗಿಂದ ನಮ್ಮ ಅಡುಗೆಮನೆಯವರೆಗೂ ಬಂತು. "ನೆನೆಸಿರೋ ಅವರೆಕಾಳಿದ್ರೆ ಒಂದಿಡಿ ಆಕವ್ವ. ಇತುಕಿಬುಟ್ಟಿದ್ರೆ ಬ್ಯಾಡ. ನಮ್ ಕೂಸಿನ ಇಸ್ಕೂಲ್ಗೆ ಬೇಕಾಗದೆ."

ಎದುರು ಮನೆಯಾಕೆಗೆ ಕಾಳಿಗಿಂತ ಸುದ್ದಿ ಮುಖ್ಯವಾಗಿತ್ತೋ ಏನೋ. "ಇನ್ನೂ ಇಲ್ಲೇ ಅವ್ಳಾ ನಿಮ್ಮ ಮಗ್ಳು? ಗಂಡನ ಮನೆಗೆ ಹೋಗ್ಲಿಲ್ವಾ?" ಎಂದು ಕೇಳಿದರು.

ನಾದಿನಿ ಮಣೆಯಿಂದ ಎದ್ದು ನಡುಮನೆಯ ಬಾಗಿಲಿಗೆ ಬಂದಿದ್ದಳು. ನಾನು ಅವಳ ತೋಳು ಹಿಡಿದುಕೊಂಡೆ.

"ಇಲ್ದೆ ಇನ್ನೆಲ್ಲಿರ್ತಾಳೆ" ಎಂದರು ಅತ್ತೆ. "ಇದು ಅವ್ಳ ಮನೆ ಅಲ್ವಾ. ಮಕ್ಕಳಿಗೆ ಪಾಠ ಏಳೋ ಮೇಡಮ್ಮು ಕಣವ್ವ ಅವ್ಳು. ಇವತ್ತು ನೋಡಕ್ಕೆ ಇನ್ಸ್‌ಪೆಟ್ರು ಬತ್ತಾವ್ರೆ. ನೀನು ಕಾಳು ಕೊಡ್ತೀಯೋ, ಪಕ್ಕದ ಮನೇಗೆ ಓಗ್ಲೋ."

ಕಾಳು ಬಿತ್ತು. ಆಮೇಲೆ ಪಕ್ಕದ ಮನೆ, ಅದರಾಚೆಯ ಮನೆ. ಮಾತು ಪ್ರತಿ ಬಾಗಿಲಿಗೂ ಸ್ವಲ್ಪ ಸ್ವಲ್ಪ ಬೆಳೆಯುತ್ತಾ ಹೋಯಿತು. ಬೀದಿಯ ಕೊನೆಗೆ ಹೋಗುವಷ್ಟರಲ್ಲಿ ನಾದಿನಿ ಇಡೀ ಶಾಲೆಗೇ ಪಾಠ ಹೇಳುವವಳಾಗಿದ್ದಳು, ಇನ್ಸ್‌ಪೆಕ್ಟರು ಬೆಂಗಳೂರಿನಿಂದಲೇ ಬರುವವರಾಗಿದ್ದರು. ನಾದಿನಿ ಹೊಸ್ತಿಲ ಹತ್ತಿರ ನಿಂತು ಕೇಳುತ್ತಿದ್ದಳು. ಕೂದಲಿನಿಂದ ನೀರು ಕುಪ್ಪಸದ ಬೆನ್ನಿಗೆ ಇಳಿಯುತ್ತಿದ್ದುದು ಅವಳ ಗಮನಕ್ಕೇ ಬಂದಿರಲಿಲ್ಲ.

ಬೋಗುಣಿ ಮೊದಲಿಗಿಂತ ಹೆಚ್ಚು ತುಂಬಿ ಬಂತು. ದಪ್ಪ ಕಾಳು, ಸಣ್ಣ ಕಾಳು, ಎಳಸು, ಹುಳ ಕೊರೆದದ್ದು ಎಲ್ಲ ಇತ್ತು. ಅತ್ತೆ ಅದನ್ನು ನನ್ನ ಕೈಗೆ ಕೊಟ್ಟು, ಅವಳೊಬ್ಬಳೇ ಇದನ್ನೂ ಕರಟಗಳನ್ನೂ ಹೊರಲಾರಳು, ನೀನೂ ಹೋಗು, ಸಾರಿನ ಯೋಚನೆ ಬಿಡು ಎಂದರು. ಅವಸರದಲ್ಲಿ ನಾವಿಬ್ಬರೂ ಮುಂಬಾಗಿಲಿನಿಂದಲೇ ಹೊರಟೆವು. ಎದುರು ಮನೆಯಾಕೆ ಕಿಟಕಿಯಲ್ಲಿದ್ದರು. ನಾದಿನಿ ತಲೆ ತಗ್ಗಿಸಲಿಲ್ಲ. ಕರಟಗಳ ಬುಟ್ಟಿಯನ್ನು ಅಲುಗಿಸದೆ ನಡೆಯುವುದರಲ್ಲೇ ಅವಳ ಗಮನವೆಲ್ಲ ಇತ್ತು.

ಸಾಮಾನು ಒಪ್ಪಿಸಿ ಬಂದುಬಿಡಬೇಕಾಗಿತ್ತು. ಬರಲಾಗಲಿಲ್ಲ. ಶಾಲೆಯ ಜಗುಲಿಯ ಕಂಬದ ಪಕ್ಕದಲ್ಲಿ, ಕಿಟಕಿಯಿಂದ ಒಳಗೆ ಕಾಣುವ ಹಾಗೆ ನಿಂತೆ. ಇನ್ಸ್‌ಪೆಕ್ಟರು ವಯಸ್ಸಾದವರು, ಸರಿಗೆ ಅಂಚಿನ ಪೇಟ, ಗುಂಡಿಯೆಲ್ಲ ಹಾಕಿದ ಕರಿಯ ಕೋಟು. ಕುರ್ಚಿಯಲ್ಲಿ ಕೂತು ಟಿಪ್ಪಣಿಯ ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ಹೆಡ್‌ಮಿಸ್ಟ್ರೆಸ್ಸು ಅವರ ಹಿಂದೆ ನಿಂತಿದ್ದರು. ನಾದಿನಿ ಮಕ್ಕಳ ಮುಂದೆ ಬಂದು ನಿಂತಳು. ಮಳೆಯ ಪದ್ಯ ಎಲ್ಲಿ ಹೋಯಿತೋ. ಬೋಗುಣಿಯಿಂದ ಒಂದು ಕಾಳು ತೆಗೆದು ಎತ್ತಿ ಹಿಡಿದು, ಇದೇನು ಎಂದಳು. ಅವರೆಕಾಳು ಎಂದು ತರಗತಿ ಒಂದೇ ಗಂಟಲಲ್ಲಿ ಹೇಳಿತು. ಬಿಗಿ ಹಿಡಿದಿದ್ದ ಅವಳ ಭುಜ ಸ್ವಲ್ಪ ಸಡಿಲಾಯಿತು.

ಕಾಳು ಹಂಚಿದಳು. ಸಿಪ್ಪೆಯನ್ನು ಸವರಿ ನೋಡಿ ಎಂದು ಹೇಳುವುದಕ್ಕೆ ಅವಳು ಬೋರ್ಡಿನ ಕಡೆಯಿಂದ ತಿರುಗುವಷ್ಟರಲ್ಲಿ ಪುಳಕ್, ಪುಳಕ್ ಎಂದು ತರಗತಿಯ ತುಂಬ ಸದ್ದು. ಕೈಗೆ ಸಿಕ್ಕ ನೆನೆದ ಅವರೆಯನ್ನು ಮನೆಯಲ್ಲಿ ಏನು ಮಾಡುತ್ತಿದ್ದರೋ ಮಕ್ಕಳು ಅದನ್ನೇ ಮಾಡಿದ್ದವು. ಮುಂದಿನ ಸಾಲಿನ ಹುಡುಗಿಯೊಬ್ಬಳ ಬೇಳೆ ಹಾರಿ ನೇರವಾಗಿ ಇನ್ಸ್‌ಪೆಕ್ಟರ ಕೋಟಿನ ಎದೆಗೆ ಬಡಿದು ಅಲ್ಲೇ ಅಂಟಿಕೊಂಡಿತು.

ಎಲ್ಲ ಸದ್ದೂ ನಿಂತಿತು. ಇನ್ನೇನು ನಾದಿನಿಯ ಕೈ ಮುಖದ ಮುಂದಕ್ಕೆ ಏಳುತ್ತದೆ ಎಂದು ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಏಳಲಿಲ್ಲ. ಅವಳು ಮಕ್ಕಳನ್ನೇ ನೋಡುತ್ತಿದ್ದಳು. "ಎಲ್ಲರೂ ಹಿತಕಿಬಿಟ್ರಾ? ಸರಿ. ಸಿಪ್ಪೆ ಎಸೀಬೇಡಿ. ಈಗ ಬೇಳೆನ ಮತ್ತೆ ಅದರೊಳಗೆ ತೂರಿಸಿ, ನೋಡೋಣ" ಎಂದಳು.

ಇದು ಟಿಪ್ಪಣಿಯಲ್ಲಿರಲಿಲ್ಲ. ಇನ್ಸ್‌ಪೆಕ್ಟರು ಕಾಗದ ತಿರುವಿ ಹಾಕಿ ನೋಡಿದರು. ಮಕ್ಕಳು ತುಟಿ ಕಚ್ಚಿಕೊಂಡು ತೂರಿಸತೊಡಗಿದವು. ಯಾರಿಗೂ ಆಗಲಿಲ್ಲ. ಸಿಪ್ಪೆ ಹರಿಯಿತು, ಬೇಳೆ ಜಾರಿತು. ಹಾಗೆ ಒದ್ದಾಡುವಾಗಲೇ ಸಿಪ್ಪೆ ಎಷ್ಟು ತೆಳು, ಎಷ್ಟು ಗಟ್ಟಿ, ಒಳಗಿದ್ದದ್ದನ್ನು ಹೇಗೆ ಬಿಗಿಯಾಗಿ ಅಪ್ಪಿ ಹಿಡಿದಿತ್ತು ಎಂಬುದನ್ನೆಲ್ಲ ಅವರೇ ಹೇಳಿದರು. ಆಮೇಲೆ ಹೋಳು ಬಿಡಿಸಿ ನೋಡಲು ಹೇಳಿದಳು. ಒಂದೊಂದೇ ಮಗು ಉಸಿರು ಎಳೆದುಕೊಂಡಿತು. ದಿನವೂ ಅನ್ನದಲ್ಲಿ ಕಲಸಿ ತಿಂದಿದ್ದೆವು, ಒಳಗೆ ಮಲಗಿದ್ದ ಆ ಪುಟ್ಟದನ್ನು ಯಾರೂ ನೋಡಿರಲಿಲ್ಲ. ಇನ್ಸ್‌ಪೆಕ್ಟರು ಕೋಟಿನ ಮೇಲಿದ್ದ ಬೇಳೆಯನ್ನು ತೆಗೆದು, ಕನ್ನಡಕ ಹಣೆಗೇರಿಸಿ, ಉಗುರಿನಿಂದ ಬಿಡಿಸಿ ಕಣ್ಣ ಹತ್ತಿರ ಹಿಡಿದಿದ್ದರು.

ಆಗ ಅದೇ ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಟೀಚರ್, ಸಿಪ್ಪೆ ಹೋಗ್ಬುಡ್ತಲ್ಲ, ಇನ್ನು ಇದನ್ನ ಬಿತ್ತಿದ್ರೆ ಹುಟ್ಟಲ್ವಾ?"

ಹಿಂದಿನಿಂದ ಹೆಡ್‌ಮಿಸ್ಟ್ರೆಸ್ಸು ತಲೆಯಾಡಿಸಿ ಹುಟ್ಟುವುದಿಲ್ಲ ಎಂದು ಸನ್ನೆ ಮಾಡಿದರು. ನಾದಿನಿ ಅದನ್ನು ಕಂಡಳು. ಕಂಡೂ, "ನನಗೂ ಗೊತ್ತಿಲ್ಲಮ್ಮ. ಬಿತ್ತಿ ನೋಡೋಣ" ಎಂದಳು.

ಆ ಕಾಲದಲ್ಲಿ ಇನ್ಸ್‌ಪೆಕ್ಟರ ಎದುರಿಗೆ ಗೊತ್ತಿಲ್ಲ ಎಂದ ಉಪಾಧ್ಯಾಯಿನಿಯನ್ನು ನಾನು ಕೇಳಿರಲಿಲ್ಲ. ಹೆಡ್‌ಮಿಸ್ಟ್ರೆಸ್ಸು ಕಣ್ಣು ಮುಚ್ಚಿಕೊಂಡರು. ಇನ್ಸ್‌ಪೆಕ್ಟರು ಏನೋ ಬರೆದುಕೊಂಡರು. ಪಾಠ ಮುಗಿದು ಜಗುಲಿಗೆ ಬಂದಾಗ ನಿಂತು, ನಗದೆ, ನೀವು ಗೊತ್ತಿಲ್ಲ ಎಂದಿರಲ್ಲ ಎಂದು ಕೇಳಿದರು. ಹೌದು ಸಾರ್ ಎಂದಳು. "ನನಗೂ ಗೊತ್ತಿಲ್ಲ. ಬಿತ್ತಿದ್ದು ಏನಾಯ್ತು ಅಂತ ಹೇಳಿ ಕಳಿಸಿ" ಎಂದು ಕೊಡೆ ತೆಗೆದುಕೊಂಡು ಹೊರಟರು. ಇದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನಮಗೆ ತಿಳಿಯಲಿಲ್ಲ.

ಮನೆಗೆ ಬಂದರೆ ಅತ್ತೆ ಸಾರು ಮಾಡಿಟ್ಟಿದ್ದರು. ಒಂದು ಹಿಡಿ ಹಿತಕಿದ ಬೇಳೆಯನ್ನು ಸಾರಿಗೆ ಹಾಕದೆ ಬಟ್ಟಲಲ್ಲಿ ಮುಚ್ಚಿಟ್ಟಿದ್ದರು. ಇದೂ ಏನಾದರೂ ಪಾಠಕ್ಕೆ ಬೇಕಾಗಬಹುದು ಎಂದು ಅನ್ನಿಸಿತಂತೆ. ನಾದಿನಿ ಅಂದೇ ಅದನ್ನು ಕರಟಗಳಲ್ಲಿ ಬಿತ್ತಿ ನುಗ್ಗೆಮರದ ಬುಡದಲ್ಲಿಟ್ಟಳು. ಶಾಲೆಯ ಜಗುಲಿಯಲ್ಲಿ ಮಕ್ಕಳೂ ಬಿತ್ತಿದವು.

ಸೋಮವಾರ ಅವಳು ರೂಢಿಯಂತೆ ಹಿತ್ತಿಲ ಕಡೆಗೆ ಹೊರಟಾಗ ಅತ್ತೆ ಜಗುಲಿಯಿಂದಲೇ, "ಅಲ್ಯಾಕೆ ಓಗೀಯೆ, ಮುಳ್ಳಿಗೆ ಸೀರೆ ಸಿಕ್ಕಾಕತದೆ" ಎಂದರು. ಎರಡು ವರ್ಷದಿಂದ ಆ ಮುಳ್ಳು ಅಲ್ಲೇ ಇತ್ತು. ನಾದಿನಿ ಚಪ್ಪಲಿ ಮುಂಬಾಗಿಲಿಗೆ ತಂದು ಹಾಕಿಕೊಂಡಳು.

ಕರಟದ ಬೇಳೆಗಳು ಬಹುಪಾಲು ಕೊಳೆತವು. ನಾತ ಬಂತು, ಇರುವೆ ಮುತ್ತಿತು. ಶಾಲೆಯಲ್ಲಿಟ್ಟವೂ ಹಾಗೇ ಆಗುತ್ತಿವೆ, ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡಿದ್ದಾರೆ ಎಂದು ನಾದಿನಿ ಹೇಳಿದಳು. ನಾನು ಎಸೆದುಬಿಡೋಣ ಎಂದೆ. ಅತ್ತೆ ಬಿಡಲಿಲ್ಲ. ಪಾತ್ರೆಯಿಂದ ಸುರಿದರೆ ಸಿಪ್ಪೆಯಿಲ್ಲದ್ದು ತಡೆಯುವುದಿಲ್ಲ ಎಂದು ಬೆರಳು ಅದ್ದಿ ಹನಿಹನಿಯಾಗಿ ನೀರು ಬಿಡುತ್ತಿದ್ದರು, ಬಿಸಿಲು ಏರಿದರೆ ಮೇಲೆ ಒಂದು ಹರಳು ಗಿಡದ ಎಲೆ ಮುಚ್ಚುತ್ತಿದ್ದರು. ಒಂದು ಬೆಳಿಗ್ಗೆ ಹಿತ್ತಿಲಿನಿಂದ ನಮ್ಮಿಬ್ಬರನ್ನೂ ಕೂಗಿದರು. ಒಂದೇ ಒಂದು ಕರಟದಲ್ಲಿ, ಕೊಂಚ ಸೊಟ್ಟಗೆ, ಹೋಳುಗಳನ್ನು ತಲೆಯ ಮೇಲೆ ಹೊತ್ತುಕೊಂಡು ಒಂದು ಮೊಳಕೆ ಎದ್ದಿತ್ತು. ನಾನು ಬಗ್ಗಿ ಅದರ ಬುಡವನ್ನು ಮುಟ್ಟಿದೆ. ತಣ್ಣಗಿತ್ತು.

ಒಂದು ಹುಟ್ಟಿತು ಎಂದು ಹೆಡ್‌ಮಿಸ್ಟ್ರೆಸ್ಸರ ಮೂಲಕ ಇನ್ಸ್‌ಪೆಕ್ಟರಿಗೆ ಹೇಳಿ ಕಳಿಸಿದಳು. ಯುಗಾದಿಗೆ ಮುಂಚೆ ಅವಳ ಕೆಲಸ ಖಾಯಂ ಆದ ಆರ್ಡರು ಬಂತು. ನಮ್ಮ ಯಜಮಾನರು ಅದನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿ, ಇನ್ನು ಯೋಚನೆ ಮಾಡುವುದೇನೂ ಇಲ್ಲ ಎಂದು ಅವರ ಮಟ್ಟಿಗೆ ಗಟ್ಟಿಯಾಗಿಯೇ ಹೇಳಿದರು. ಬೇಸಿಗೆಯಲ್ಲಿ ಗಂಡನ ಕಡೆಯ ಹಿರಿಯರು ಮತ್ತೆ ಬಂದಾಗ ಅತ್ತೆ ಕಾಫಿ ಕೊಟ್ಟು, ಜೂನಿನಲ್ಲಿ ಇಸ್ಕೂಲು ಬಾಗಿಲು ತೆರೆಯುತ್ತದೆ, ಮಕ್ಕಳು ಕಾಯುತ್ತಿರುತ್ತವೆ ಎಂದಷ್ಟೇ ಹೇಳಿ ಲೋಟ ತೆಗೆದುಕೊಂಡು ಒಳಗೆ ಬಂದುಬಿಟ್ಟರು.

ಅದೆಲ್ಲ ಆಮೇಲಿನ ಮಾತು. ಆ ಮೊಳಕೆ ಬಂದ ದಿನವೇ ಅತ್ತೆ ಮೊದಲಿನಂತೆ ಜಗುಲಿಯ ಮೇಲೆ ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಎದುರು ಮನೆಯಾಕೆ ಸುದ್ದಿ ಕೇಳಿ ಬಂದು, ಹಿತಕಿದ ಅವರೆ ಎಲ್ಲಾದರೂ ಹುಟ್ಟುವುದುಂಟೇ, ನಿಮ್ಮ ಮಗಳು ನಿಮ್ಮನ್ನು ಚೆನ್ನಾಗಿ ನಂಬಿಸಿದ್ದಾಳೆ ಎಂದು ನಕ್ಕರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಅದನ್ನು ಅಲ್ಲೇ ಇಟ್ಟು ಎದ್ದರು.

"ಬಾಯಲ್ಲಿ ಏನ್ ಏಳದು, ಬಾ ತೋರಿಸ್ತೀನಿ" ಎಂದು ಆಕೆಯ ಕೈ ಹಿಡಿದು, ನಡುಮನೆಯ ಮೂಲಕ, ಅಡುಗೆಮನೆಯ ಮೂಲಕ, ಹಿತ್ತಿಲಿಗೆ ಕರೆದುಕೊಂಡು ಹೋದರು.